ರಿಂಗಿನ ಕೆಳಗಿನ ಭತ್ತ

ನನಗೆ ಮೊದಲು ಪರಿಚಯವಾದದ್ದು ಅವರ ಪಾದಗಳು. ಅಗಲವಾದ, ಬೆರಳುಗಳೆಲ್ಲ ಒಂದನ್ನೊಂದು ಬಿಟ್ಟು ನಿಂತ, ಹಿಮ್ಮಡಿಯ ಬಿರುಕುಗಳಲ್ಲಿ ಭತ್ತದ ದೂಳು ಕೂತು ಬೆಳ್ಳಗಾದ ಪಾದಗಳು. ಬ್ಯಾಸ್ಕೆಟ್‌ಬಾಲ್ ಹೊಸದಾಗಿ ಕಲಿಯುವ ಎಲ್ಲರ ಹಾಗೆ ನಾನೂ ಆಗ ತಲೆ ಬಗ್ಗಿಸಿ, ಚೆಂಡನ್ನೇ ನೋಡುತ್ತ, ನೆಲಕ್ಕೆ ಕುಟ್ಟಿಕೊಂಡು ಓಡುತ್ತಿದ್ದೆ. ಹಾಗೆ ಓಡುವಾಗ ಚೆಂಡಿನ ಮುಂದೆ ಆ ಎರಡು ಪಾದಗಳು ಬಂದು ನಿಂತವು. ತಲೆ ಎತ್ತಿದರೆ ಮೊಣಕಾಲಿನ ತನಕ ಎತ್ತಿ ಕಟ್ಟಿದ ಸೀರೆ, ಕೈಯಲ್ಲಿ ಭತ್ತ ಗೋರುವ ಹಲಗೆ, ಬಾಯಲ್ಲಿ ಎಲೆ ಅಡಿಕೆ.

“ಇನ್ನೊಂದ್ ಎಜ್ಜೆ ಮುಂದಕ್ಕಿಟ್ರೆ ಕಾಲ್ ಮುರೀತೀನಿ,” ಅಂದರು.

ಆ ಮಾತಿನಲ್ಲಿ ಕೋಪವೇನೂ ಇರಲಿಲ್ಲ. ಕಂಡಕ್ಟರು ಮುಂದಿನ ಸ್ಟಾಪಿನ ಹೆಸರು ಹೇಳುವ ಹಾಗೆ ಹೇಳಿದರು. ನನಗೆ ಹೆದರಿಕೆ ಆದದ್ದೇ ಅದಕ್ಕೆ. ಕೂಗಾಡುವವರನ್ನು ನಾನು ಮನೆಯಲ್ಲಿ ಬೇಕಾದಷ್ಟು ಕಂಡಿದ್ದೆ.

ನಮ್ಮೂರು ಬನ್ನೂರಿನಿಂದ ನರಸೀಪುರದ ಕಡೆಗೆ ಬರುವಾಗ ನಾಲೆಯ ಮಗ್ಗುಲಲ್ಲಿ ಸಿಗುತ್ತದೆ. ಸುತ್ತ ಎತ್ತ ನೋಡಿದರೂ ಭತ್ತ, ಭತ್ತ ಇಲ್ಲದ ಕಡೆ ಕಬ್ಬು. ಇಷ್ಟು ಬೆಳೆಯುವ ಊರಿನಲ್ಲಿ ಬೆಳೆದದ್ದನ್ನು ಒಣಗಿಸಲು ಜಾಗವಿಲ್ಲ. ಹಳೆಯ ಕಣಗಳ ಮೇಲೆಲ್ಲ ಮನೆ ಎದ್ದಿವೆ. ಸುಗ್ಗಿ ಬಂತೆಂದರೆ ಡಾಂಬರು ರಸ್ತೆಯ ಅರ್ಧ, ಡೇರಿಯ ಮುಂದಿನ ಜಗುಲಿ, ಗಟ್ಟಿ ನೆಲ ಎಲ್ಲಿದೆಯೋ ಅಲ್ಲೆಲ್ಲ ಭತ್ತ. ನಮ್ಮ ಹೈಸ್ಕೂಲಿನ ಹಿಂದೆ ಒಂದು ಸಿಮೆಂಟಿನ ಅಂಗಳವಿತ್ತು. ಯಾವುದೋ ವರ್ಷ ಅದರ ಒಂದು ತುದಿಗೆ ಕಂಬ ನೆಟ್ಟು ಬ್ಯಾಸ್ಕೆಟ್‌ಬಾಲ್ ರಿಂಗು ಹಾಕಿದರು. ಇನ್ನೊಂದು ತುದಿಯ ಕಂಬ ಇವತ್ತು ಬರುತ್ತದೆ, ನಾಳೆ ಬರುತ್ತದೆ ಅಂತ ಇವತ್ತಿಗೂ ಬಂದಿಲ್ಲ. ಕಂಬ ನೆಟ್ಟಾಗ ರಿಂಗಿನ ಕೆಳಗಿನ ಜಾಗಕ್ಕೆ ಮಾತ್ರ ಹೊಸದಾಗಿ ಸಿಮೆಂಟು ಸಾರಿಸಿದರು. ಉಳಿದ ಅಂಗಳವೆಲ್ಲ ಕಿತ್ತುಹೋಗಿತ್ತು. ಅಂಥ ನುಣುಪು ನೆಲ ಕಣ್ಣಿಗೆ ಬಿದ್ದ ಮೇಲೆ ಭತ್ತದವರು ಸುಮ್ಮನಿರುತ್ತಾರೆಯೇ?

ಸುಮ್ಮನಿರದವರು ಇವರು. ನಾವು ಮಕ್ಕಳೆಲ್ಲ ಅವರನ್ನು ಭತ್ತದವ್ವ ಅನ್ನುತ್ತಿದ್ದೆವು. ಶಾಲೆಗೆ ಜಾಗ ಬಿಟ್ಟುಕೊಟ್ಟವರು ಅವರ ಮಾವ. ಹಾಗಾಗಿ “ಇಲ್ಲಿ ಹರಡಬೇಡಿ” ಅನ್ನಲು ಹೆಡ್‌ಮಾಸ್ಟರಿಗೂ ಬಾಯಿ ಬರುತ್ತಿರಲಿಲ್ಲ. ಬಂದರೂ ಮಾರನೆಯ ದಿನ ಒಂದು ಕುಕ್ಕೆ ಅವರೆಕಾಯಿ ಅವರ ಮನೆ ತಲುಪಿ ಬಾಯಿ ಮುಚ್ಚುತ್ತಿತ್ತು.

ಬೆಳಗ್ಗೆ ಭತ್ತ ಹರಡುವುದು, ಸಂಜೆ ಅದನ್ನು ಗೋರಿ ರಿಂಗಿನ ಕೆಳಗೇ ರಾಶಿ ಮಾಡಿ ಟಾರ್ಪಾಲು ಹೊದಿಸುವುದು, ಆಮೇಲೆ ಕಂಬಕ್ಕೆ ಒರಗಿ ಕಾಲು ಚಾಚಿ ಕೂತು ನಮ್ಮ ಆಟ ನೋಡುವುದು. ಇದು ಅವರ ದಿನಚರಿ. ಭತ್ತ ಮುಗಿದರೆ ರಾಗಿ, ರಾಗಿ ಮುಗಿದರೆ ಹುರುಳಿ, ಹುರುಳಿ ಮುಗಿಯುವ ಹೊತ್ತಿಗೆ ಹುಣಸೆಹಣ್ಣು. ಆ ಜಾಗ ಬರಿದಾಗುತ್ತಿದ್ದದ್ದು ಮಳೆಗಾಲದಲ್ಲಿ ಮಾತ್ರ. ಆಗ ಅಲ್ಲಿ ಪಾಚಿ ಕಟ್ಟಿ ನಾಯಿಯೂ ಜಾರುತ್ತಿತ್ತು.

ಅವರದು ಒಂದೇ ಕಾನೂನು. ಚೆಂಡು ಬಿದ್ದರೆ ಬೀಳಲಿ, ಕಾಲು ಬೀಳಬಾರದು. ರಿಂಗಿನಿಂದ ಕೆಳಗೆ ಬಂದ ಚೆಂಡು ಟಾರ್ಪಾಲಿನ ರಾಶಿಯ ಮೇಲೆ ಬಿದ್ದು ತನಗೆ ತೋಚಿದ ಕಡೆ ಉರುಳುತ್ತಿತ್ತು. ನಾವು ರಾಶಿಯ ಅಂಚಿನಲ್ಲಿ ನಿಂತು ಅದು ಬರುವ ತನಕ ಕಾಯಬೇಕು. ಆಟದ ಭರದಲ್ಲಿ ಯಾರದಾದರೂ ಕಾಲು ರಾಶಿಗೆ ತಗುಲಿತೋ, ಚೆಂಡು ಅವರ ಮಡಿಲಿಗೆ ಹೋಯಿತು ಎಂದೇ ಲೆಕ್ಕ. “ಲಕ್ಷ್ಮಿನ ಒದ್ದ್ಯಲ್ಲಮ್ಮಿ! ಓಗು, ಕಣ್ಣಿಗೊತ್ಕೊಂಡ್ ಬಂದು ಒಂದ್ ಗಳ್ಗೆ ಕಾಗೆ ಕಾಯಿ. ಆಮೇಲ್ ಕೊಡ್ತೀನಿ.” ಕಾಗೆ ಸಂಜೆ ಎಲ್ಲಿರುತ್ತದೆ? ಇಲ್ಲದ ಕಾಗೆಯನ್ನು ನಾವು ಹುಷ್ ಹುಷ್ ಎನ್ನುತ್ತ ಕಾಯುತ್ತಿದ್ದೆವು.

ನಮ್ಮ ಪಿ.ಟಿ. ಮೇಷ್ಟ್ರು ಖೋಖೋ ಆಡಿ ಬಂದವರು. ಬ್ಯಾಸ್ಕೆಟ್‌ಬಾಲನ್ನು ಫೋನಿನಲ್ಲಿ ನೋಡಿ ತಾವು ಕಲಿತು ನಮಗೆ ಕಲಿಸುತ್ತಿದ್ದರು. ಎಲ್ಲರಿಗಿಂತ ಕುಳ್ಳಿ, ಎಲ್ಲರಿಗಿಂತ ಚುರುಕು ಎಂದು ನನ್ನನ್ನು ಗಾರ್ಡ್ ಮಾಡಿದರು. ಚೆಂಡನ್ನು ಮುಂದಕ್ಕೆ ತಂದು, ಯಾರು ಎಲ್ಲಿದ್ದಾರೆಂದು ನೋಡಿ ಹಂಚುವುದು ಗಾರ್ಡ್‌ನ ಕೆಲಸ. ಸಂದು ಸಿಕ್ಕರೆ ತಾನೇ ನುಗ್ಗಿ ಹಾಕಬೇಕು. ಮೊದಲನೆಯದನ್ನು ನಾನು ಚೆನ್ನಾಗಿ ಕಲಿತೆ. ಜೊತೆಗೆ ದೂರದಿಂದ ಎಸೆಯುವುದನ್ನೂ ಕಲಿತೆ. ಭತ್ತದ ರಾಶಿಯ ಆಚೆ ನಿಂತು ಎಸೆಯದೆ ಬೇರೆ ದಾರಿಯೇ ಇರಲಿಲ್ಲವಲ್ಲ. ಎಸೆದದ್ದು ತಪ್ಪಿದಾಗ “ರಿಂಗು ಸ್ವಲ್ಪ ಸೊಟ್ಟಗಿದೆ” ಎಂದು ನಾನೆಂದರೆ ಕಂಬದ ಬುಡದಿಂದ ಉತ್ತರ ಬರುತ್ತಿತ್ತು: “ಕುಣೀನಾರದೋಳು ನೆಲ ಡೊಂಕು ಅಂದ್ಲಂತೆ.”

ಒಂದು ಸಲ ಪಕ್ಕದ ಊರಿನ ಶಾಲೆಯ ಹುಡುಗಿಯರು ನಮ್ಮ ಜೊತೆ ಆಡಲು ಬಂದರು. ಅವರ ಮೇಷ್ಟ್ರು ರಿಂಗಿನ ಕೆಳಗೆ ಮಲಗಿದ್ದ ರಾಶಿಯನ್ನೂ ಅದರ ಪಕ್ಕ ಕೂತಿದ್ದ ಭತ್ತದವ್ವನನ್ನೂ ನೋಡಿ, “ಇದೇನ್ ಸಾ ಇದು, ಕೋರ್ಟೋ ಕಣವೋ?” ಎಂದರು. “ಎರಡೂನೂವೆ ಸಾ,” ಎಂದರು ನಮ್ಮ ಮೇಷ್ಟ್ರು, ನಾಚಿಕೆಯಿಲ್ಲದೆ. ಬಂದ ಹುಡುಗಿಯರು ನುಗ್ಗಲು ಹೋಗುವುದು, ಭತ್ತದವ್ವ ಹಲಗೆ ಎತ್ತುವುದು, ಅವರು ಹೆದರಿ ಹಿಂದೆ ಸರಿಯುವುದು. ಇದೇ ಆಟವಾಯಿತು. ನಾವು ಅಂಚಿನಿಂದ ಎಸೆದು ಎಸೆದು ಗೆದ್ದೆವು. ನಮ್ಮೂರಿನ ನೆಲದಲ್ಲಿ ನಮ್ಮನ್ನು ಸೋಲಿಸಿದವರು ಯಾರೂ ಇಲ್ಲ ಎಂದು ನಾವು ಬಹಳ ದಿನ ಕೊಚ್ಚಿಕೊಂಡೆವು. ನಮ್ಮ ತಂಡದ ಆರನೆಯ ಆಟಗಾರ್ತಿ ಯಾರೆಂದು ಹೇಳುತ್ತಿರಲಿಲ್ಲ, ಅಷ್ಟೆ.

ಭತ್ತ ಒಣಗಿತೋ ಇಲ್ಲವೋ ನೋಡಲು ಅವರು ಒಂದು ಕಾಳನ್ನು ಮುಂದಿನ ಹಲ್ಲಿಗೆ ಕೊಟ್ಟು ಕಡಿಯುತ್ತಿದ್ದರು. ಕಟ್ ಎಂದರೆ ಒಣಗಿದೆ. ಅನ್ನದಿದ್ದರೆ “ಇನ್ನೂ ಅಸಿ” ಎಂದು ಉಗಿಯುತ್ತಿದ್ದರು. ಮನುಷ್ಯರಿಗೂ ಅವರಲ್ಲಿ ಇವೆರಡೇ ಜಾತಿ. ಹೊಸ ಹೆಡ್‌ಮಾಸ್ಟರು ಇನ್ನೂ ಅಸಿ. ಅವರ ಸ್ವಂತ ಮಗ, ಎರಡು ಮಕ್ಕಳ ತಂದೆ, ಇನ್ನೂ ಅಸಿ. ತಾಲ್ಲೂಕು ಮಟ್ಟದಲ್ಲಿ ಗೆದ್ದು ಪದಕ ಹಾಕಿಕೊಂಡು ನಾನು ಮೆರೆಯುತ್ತ ಅವರ ಮುಂದೆ ನಿಂತಾಗ ಪದಕವನ್ನು ಎಳೆದು ಹಲ್ಲಿಗೆ ಕೊಟ್ಟು ನೋಡಿದರು. “ಇದೇನೋ ಒಣಗ್ಯದೆ. ನೀನಿನ್ನೂ ಅಸಿ ಕಣಮ್ಮಿ.” ಹಾಗೆಂದು ಮಡಿಲಿನಿಂದ ಒಂದು ಹಿಡಿ ಹುರಿದ ಅವರೆಕಾಳು ತೆಗೆದು ಕೊಟ್ಟರು. ನನಗೆ ಸಿಟ್ಟು ಬಂದಿತ್ತು, ಆದರೂ ಅವರೆಕಾಳು ಬಿಡಲಿಲ್ಲ.

ಎಸ್ಸೆಸ್ಸೆಲ್ಸಿ ಆದ ಮೇಲೆ ಪಿಯುಸಿಗೆ ನರಸೀಪುರಕ್ಕೆ ಹೋದೆ. ಅಲ್ಲಿನ ತಂಡದಲ್ಲಿ ಇಬ್ಬರು ಎತ್ತರದ ಹುಡುಗಿಯರಿದ್ದರು. ರಿಂಗಿನ ಕೆಳಗಿನ ಕೆಲಸವೆಲ್ಲ ಅವರದು. ನಾನು ಹೊರಗಿನಿಂದ ಅವರಿಗೆ ಚೆಂಡು ಕೊಡುವುದು, ಇಲ್ಲವೆ ಅಲ್ಲಿಂದಲೇ ಎಸೆಯುವುದು. ಜಿಲ್ಲಾ ಮಟ್ಟದ ತನಕ ಹೋದೆವು. ಆಗ ನಾನೇನೋ ದೊಡ್ಡ ಶೂಟರ್ ಎಂದುಕೊಂಡಿದ್ದೆ. ನನ್ನಲ್ಲಿ ಏನು ಕೊರತೆಯಿದೆಯೆಂದು ನನಗೂ ಗೊತ್ತಾಗಲಿಲ್ಲ, ಬೇರೆಯವರಿಗೂ ಗೊತ್ತಾಗಲಿಲ್ಲ.

ಗೊತ್ತಾದದ್ದು ನಂಜನಗೂಡಿನಲ್ಲಿ. ಡಿಗ್ರಿಗೆ ಅಲ್ಲಿನ ಕಾಲೇಜು ಸೇರಿದೆ. ಕಾಲೇಜು ತಂಡಕ್ಕೆ ಆಯ್ಕೆಯಾದ ಹೊರಗಿನ ಹುಡುಗಿಯರಿಗೆ ಹಾಸ್ಟೆಲ್ ಸಿಗುತ್ತಿತ್ತು. ಅಲ್ಲಿಯವರೆಗೆ ನಾನು ದಿನಾ ನರಸೀಪುರದಲ್ಲಿ ಬಸ್ ಬದಲಿಸಿ ಹೋಗಿ ಬರುತ್ತಿದ್ದೆ. ಸಂಜೆ ಅಭ್ಯಾಸ ಮುಗಿಸಿ ಊರು ಸೇರುವ ಹೊತ್ತಿಗೆ ಅಪ್ಪ ಸ್ಟಾಪಿನಲ್ಲಿ ಬ್ಯಾಟರಿ ಹಿಡಿದು ನಿಂತಿರುತ್ತಿದ್ದರು. ಒಂದು ದಿನ ನಡೆಯುತ್ತ ಹೇಳಿದರು: “ಸಂಕ್ರಾಂತಿ ಗಂಟ ನೋಡ್ತೀನಿ ಮಗ. ಆಸ್ಟ್ಲು ಸಿಕ್ನಿಲ್ಲ ಅಂದ್ರೆ ಬಾಲಾಟ ಸಾಕು. ಕಾಲೇಜ್ ಮುಗುದ್ ತಕ್ಷಣ ಬಸ್ ಅತ್ಕೊಂಡ್ ಬಂದ್ಬುಡು.” ಅವರದೂ ತಪ್ಪಲ್ಲ. ಹಾಸ್ಟೆಲ್ ಸಿಕ್ಕರೆ ಆಟ ಉಂಟು, ಇಲ್ಲದಿದ್ದರೆ ಇಲ್ಲ.

ಹಬ್ಬಕ್ಕೆ ಮುಂಚೆ ಆಯ್ಕೆ ನಡೆಯಿತು. ದೂರದಿಂದ ಎಸೆದದ್ದನ್ನು ಕೋಚ್ ಸರ್ ಮೆಚ್ಚಿದರು. ಪಾಸುಗಳನ್ನೂ ಮೆಚ್ಚಿದರು. ಆಮೇಲೆ, “ಈಗ ನುಗ್ಗಿ ಹಾಕು,” ಎಂದರು. ಕೋರ್ಟಿನಲ್ಲಿ ರಿಂಗಿನ ಕೆಳಗೆ ಬಣ್ಣದಲ್ಲಿ ಬರೆದ ಒಂದು ಚೌಕ ಇರುತ್ತದೆ. ಚೆಂಡು ಕುಟ್ಟಿಕೊಂಡು ಅದರೊಳಗೆ ನುಗ್ಗಿ, ರಿಂಗಿನ ಬುಡದಲ್ಲಿ ಹಾರಿ ಹಾಕಬೇಕು. ಮೂರನೆಯ ಕ್ಲಾಸಿನ ಮಗುವೂ ಅದನ್ನೇ ಮೊದಲು ಕಲಿಯುವುದು. ನಾನು ಓಡಿದೆ. ಚೌಕದ ಗೆರೆ ಬಂದದ್ದೇ ಕಾಲು ನಿಂತಿತು. ಅಲ್ಲಿಂದಲೇ ಎಸೆದೆ, ಚೆಂಡು ರಿಂಗಿನೊಳಗೆ ಬಿತ್ತು. “ಬಿದ್ದದ್ದು ಸರಿ. ಒಳಗೆ ಹೋಗು,” ಎಂದರು. ಮತ್ತೆ ನಿಂತಿತು. ಕಡೆಗೆ ಅಡ್ಡ ನಿಂತಿದ್ದ ಹುಡುಗಿಯನ್ನು ಆಚೆ ಕಳಿಸಿ ಚೌಕವನ್ನು ಪೂರ್ತಿ ಖಾಲಿ ಮಾಡಿಸಿದರು. ಆಗಲೂ ನಾನು ಅದರ ಅಂಚನ್ನೇ ಹಿಡಿದು ಸುತ್ತಿ ಕಂಬದ ಹಿಂದಿನಿಂದ ಈಚೆ ಬಂದೆ. ಹುಡುಗಿಯರು ನಕ್ಕರು. ಹದಿನಾರು ಎಂಬ ಪಕ್ಕದ ಊರಿನಿಂದ ಬರುತ್ತಿದ್ದ ಒಬ್ಬಳು, “ಯಾಕೇ, ಒಳಗೆ ಕರೆಂಟ್ ಬಿಟ್ಟಿದ್ದಾರಾ?” ಅಂದಳು.

ಕೋಚ್ ಸರ್ ನಗಲಿಲ್ಲ. “ಇವಳು ಒಳಗೆ ಬಂದುಬಿಡ್ತಾಳೆ ಅನ್ನೋ ಭಯ ಎದುರಿನವರಿಗೆ ಇರಬೇಕಮ್ಮ. ಬರಲ್ಲ ಅಂತ ಗೊತ್ತಾದ್ರೆ ನಿನ್ನ ಶಾಟೂ ನಡೆಯಲ್ಲ, ಪಾಸೂ ನಡೆಯಲ್ಲ. ಹಬ್ಬ ಮುಗಿಸ್ಕೊಂಡು ಬಾ, ಇನ್ನೊಂದು ಸಲ ನೋಡೋಣ. ಆಗಲೂ ಹೀಗೇ ಆದ್ರೆ ನನ್ನ ಕೈಲಿ ಏನೂ ಇಲ್ಲ.”

ಯಾಕೆ ಕಾಲು ನಿಂತಿತು ಎಂದು ನನಗೇ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅಳುತ್ತ ಬಂದೆ.

ಮಾರನೆಯ ಬೆಳಗ್ಗೆ ಹಳೆಯ ಶಾಲೆಯ ಅಂಗಳಕ್ಕೆ ಹೋದೆ. ಹೋಗಲು ಬೇರೆ ಜಾಗ ಎಲ್ಲಿತ್ತು? ಭತ್ತದವ್ವ ಆಗಲೇ ಭತ್ತ ಹರಡಿ ಕಂಬಕ್ಕೆ ಒರಗಿದ್ದರು. ನನ್ನನ್ನು ನೋಡಿದ್ದೇ ಶುರುಮಾಡಿದರು.

“ಯಾಕಮ್ಮಿ, ಮೊಕ ಇಂಗ್ ಊದ್ಸ್ಕಂಡಿದ್ದೀಯ? ನಂಜನಗೂಡ್ ನೀರು ಇಡಿಸ್ನಿಲ್ವಾ?”

“ಟೀಮ್‌ಗೆ ತಗೊಳ್ಳಲ್ಲ ಅಂತ ಕಾಣುತ್ತೆ ಕಣವ್ವ.”

“ಯಾಕಂತೆ? ಬಾಲ್ ಎಸಿಯಾಕ್ ಬರಲ್ವಂತಾ ನಿಂಗೆ?”

“ಎಸೀತೀನಿ. ಒಳಕ್ಕೆ ಹೋಗಲ್ಲ ಅಂತಾರೆ.”

“ಎಲ್ಗೆ ಒಳಕ್ಕೆ?”

ನಾನು ಕೈ ತೋರಿಸಿದೆ. ತೋರಿಸಿದ ಕಡೆ, ರಿಂಗಿನ ಕೆಳಗೆ, ಅವರು ಈಗ ತಾನೇ ಹರಡಿದ ಭತ್ತ ಬಿಸಿಲಿಗೆ ಬಿದ್ದಿತ್ತು. ಅವರು ನನ್ನ ಬೆರಳು ನೋಡಿದರು, ಭತ್ತ ನೋಡಿದರು, ಮತ್ತೆ ನನ್ನ ಮುಖ ನೋಡಿದರು. ಅಗಿಯುತ್ತಿದ್ದ ಬಾಯಿ ನಿಂತಿತು. ಅವರಿಗೆ ಅರ್ಥವಾದದ್ದನ್ನು ನೋಡಿ ನನಗೂ ಅರ್ಥವಾಯಿತು. ಮೂರು ವರ್ಷ ನಾನು ಕಲಿತ ಆಟದಲ್ಲಿ ರಿಂಗಿನ ಕೆಳಗೆ ನೆಲವೇ ಇರಲಿಲ್ಲ. ಲಕ್ಷ್ಮಿ ಇದ್ದಳು.

“ಅಯ್ಯೋ ನನ್ ಮಗ್ಳೆ,” ಅಂದರು. “ನಾನ್ ಗದ್ರಿದ್ದು ಈ ಭತ್ತುಕ್ಕೆ ಕಣಮ್ಮಿ. ಲೋಕದ್ ನೆಲುಕ್ಕೆಲ್ಲ ಅಲ್ಲ.”

ಅವರ ಧ್ವನಿ ಹಾಗೆ ಇಳಿದದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಬಹಳ ಹೊತ್ತು ಇಳಿದೂ ಇರಲಿಲ್ಲ.

“ಬೂಟ್ ಬಿಚ್ಚು.”

“ಬೇಡ ಅವ್ವ.”

“ಬಿಚ್ಚು ಅಂದೆ.”

ಬಿಚ್ಚಿದೆ. ಹರಡಿದ ಭತ್ತವನ್ನು ಬಿಸಿಲಿಗೆ ಮೇಲೆ ಕೆಳಗೆ ಮಾಡಲು ನಮ್ಮ ಕಡೆ ಹೆಂಗಸರು ಬರಿಗಾಲಿನಲ್ಲಿ ಅದರೊಳಗೆ ನಡೆಯುತ್ತಾರೆ. ಕಾಲೆತ್ತುವುದಿಲ್ಲ, ಪಾದಗಳನ್ನು ನೆಲಕ್ಕೆ ಒತ್ತಿ ಉಳುವ ಹಾಗೆ ತಳ್ಳುತ್ತ ಸಾಲು ಬಿಡುತ್ತಾರೆ. ಕಾಲಾಡಿಸುವುದು ಅನ್ನುತ್ತೇವೆ. ಹುಟ್ಟಿದಾಗಿನಿಂದ ನೋಡಿದ್ದೇನೆ, ಆದರೆ ಆ ಅಂಗಳದಲ್ಲಿ ನಮಗೆ ಆ ಕೆಲಸ ಅವರು ಕೊಟ್ಟವರಲ್ಲ. ಈಗ ಅಂಚಿನಲ್ಲಿ ನಿಂತೆ, ಕಾಲು ಮುಂದೆ ಹೋಗಲಿಲ್ಲ. ನಂಜನಗೂಡಿನ ಗೆರೆಯ ಮುಂದೆ ನಿಂತ ಹಾಗೆಯೇ ನಿಂತೆ. ಅವರು ಬಂದು ರಟ್ಟೆ ಹಿಡಿದು ದರದರ ಒಳಕ್ಕೆ ಎಳೆದುಕೊಂಡರು.

“ತುಳಿಯೋದ್ ಬ್ಯಾರೆ, ಕಾಲಾಡ್ಸೋದ್ ಬ್ಯಾರೆ. ಕೆಲ್ಸುಕ್ಕೆ ಬಂದೋಳ್ ಕಾಲ್ನ ಲಕ್ಷ್ಮಿ ಬ್ಯಾಡ ಅನ್ನಾಕಿಲ್ಲ. ನಡಿ.”

ಮೇಲೆ ಬಿಸಿ, ಕೆಳಗೆ ತಣ್ಣಗೆ. ಬೆರಳ ಸಂದುಗಳಲ್ಲೆಲ್ಲ ಭತ್ತ ಚುಚ್ಚಿತು. ಅವರು ಹಿಂದೆ, ನಾನು ಮುಂದೆ. ಕಂಬದ ಬುಡದ ತನಕ ಹೋಗಿ, ರಿಂಗಿನ ನೇರ ಕೆಳಗೆ ತಿರುಗಿ, ಮತ್ತೆ ಅಂಚಿಗೆ. ತಲೆ ಎತ್ತಿದಾಗ ರಿಂಗು ನೆತ್ತಿಯ ಮೇಲೇ ಕಂಡಿತು. ಅಷ್ಟು ಹತ್ತಿರದಿಂದ ಅದನ್ನು ನಾನು ನೋಡಿದ್ದು ಅದೇ ಮೊದಲು. ಬಿಸಿಲೇರುವ ತನಕ ನಡೆಸಿದರು. ಕೊನೆಗೆ ನನಗೆ ಅಳು ಬಂತು, ಅವರು ಅದನ್ನು ನೋಡದವರ ಹಾಗೆ ಇದ್ದರು.

ಅಷ್ಟಕ್ಕೇ ಬಿಟ್ಟಿದ್ದರೆ ಅವರು ಭತ್ತದವ್ವ ಅಲ್ಲ. ಮಧ್ಯಾಹ್ನ ಮಗನನ್ನು ಕರೆಸಿ ಭತ್ತವನ್ನೆಲ್ಲ ಮನೆಯ ಮುಂದಿನ ಬೀದಿಗೆ ಸಾಗಿಸಲು ಹೇಳಿದರು. ಮಗ ತಲೆ ಕೆರೆದುಕೊಂಡ.

“ಅಲ್ಲಿ ಬರೀ ಜಲ್ಲಿ ಕಣವ್ವ. ಭತ್ತುಕ್ಕೆ ಕಲ್ಲು ಸೇರ್ಕತದೆ. ಮಿಲ್‌ಗಾಕುದ್ರೂವೆ ಪೂರ್ತಿ ಓಗಾಕಿಲ್ಲ.”

“ಆರ್ಸ್ಕಂಡ್ ಉಣ್ಣಿ. ಕಣ್ಣಿಲ್ವಾ ನಿಮ್ಗೆ?”

ಗಂಡನ ಹಿಂದೆಯೇ ಬಂದಿದ್ದ ಸೊಸೆ, “ಯಾರ್ದೋ ಮನೆ ಉಡುಗಿ ಆಟುಕ್ಕೆ ನಮ್ಮನೆ ಅನ್ನುಕ್ಕೆ ಕಲ್ಲಾ?” ಎಂದು ಗೊಣಗಿದ್ದು ನನಗೂ ಕೇಳಿಸಿತು. ಅವಳು ಅಂದದ್ದರಲ್ಲಿ ಸುಳ್ಳೇನಿರಲಿಲ್ಲ. ಭತ್ತದವ್ವ ತಿರುಗಿಯೂ ನೋಡಲಿಲ್ಲ. ಪೊರಕೆ ತೆಗೆದುಕೊಂಡು ರಿಂಗಿನ ಕೆಳಗೆ ಒಂದು ಕಾಳೂ ಉಳಿಯದ ಹಾಗೆ ಗುಡಿಸಿದರು. ಗುಡಿಸಿ, ಗೋರುವ ಹಲಗೆ ಅಡ್ಡ ಹಿಡಿದು ಅಲ್ಲೇ ನಡುವೆ ನಿಂತರು. “ಬಾ ಈಗ. ನನ್ನ ದಾಟ್ಕಂಡ್ ಓಗು.”

ಅರವತ್ತು ದಾಟಿದ ಹೆಂಗಸು, ಸೀರೆ ಎತ್ತಿ ಕಟ್ಟಿ, ಹಲಗೆ ಹಿಡಿದು ರಿಂಗಿಗೆ ಕಾವಲು ನಿಂತದ್ದನ್ನು ನೋಡಲು ಬೇಲಿಯ ಆಚೆ ಅರ್ಧ ಊರು ಸೇರಿತು. ಮೊದಮೊದಲು ನಾನು ಗೆರೆಯಲ್ಲೇ ನಿಂತೆ. ಅವರು ಬೈದರು. ಅವರ ಬೈಗುಳವನ್ನು ಇಲ್ಲಿ ಬರೆಯಲಾಗುವುದಿಲ್ಲ, ನಮ್ಮ ವಂಶದ ಹಿರಿಯರೆಲ್ಲ ಅದರಲ್ಲಿ ಬಂದುಹೋದರು. ಮೂರು ವರ್ಷ ಕಾಲಿಟ್ಟರೆ ಬೈದವರು ಈಗ ಕಾಲಿಡದ್ದಕ್ಕೆ ಬೈಯುತ್ತಿದ್ದರು. ನನಗೆ ನಗು ಬಂತು. ನಗುನಗುತ್ತಲೇ ಹಲಗೆಯ ಪಕ್ಕದಿಂದ ನುಸುಳಿ ಒಳಗೆ ಹೋದೆ. ಹಾರಿದೆ. ಚೆಂಡು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. “ಊಂ, ಇನ್ನೊಂದ್ ಸಲ,” ಎಂದರು. ಹಬ್ಬದ ದಿನ ಹಸುಗಳಿಗೆ ಬಣ್ಣ ಬಳಿಯುವುದನ್ನು ಬಿಟ್ಟು ಅವರು ನನ್ನೆದುರು ನಿಂತಿದ್ದರು.

ಎರಡನೆಯ ಸಲದ ಆಯ್ಕೆಯಲ್ಲಿ ಕೋಚ್ ಸರ್ ಅದೇ ಹದಿನಾರಿನ ಹುಡುಗಿಯನ್ನು ನನಗೆ ಅಡ್ಡ ನಿಲ್ಲಿಸಿದರು. ಗೆರೆ ಬಂತು. ಕಾಲು ನಿಲ್ಲಲಿಲ್ಲ. ಅವಳ ಭುಜ ಸವರಿಕೊಂಡು ಒಳಗೆ ನುಗ್ಗಿ ಹಾರಿದೆ. ಚೆಂಡು ರಿಂಗಿಗೆ ಬಡಿದು ಆಚೆ ಸಿಡಿಯಿತು, ನಾನು ಕಂಬಕ್ಕೆ ಬಡಿದು ಈಚೆ ಬಿದ್ದೆ. ಎಲ್ಲ ಮುಗಿಯಿತು ಎಂದುಕೊಂಡು ಮೊಣಕೈ ಉಜ್ಜುತ್ತ ಕೂತಿದ್ದಾಗ ಕೋಚ್ ಸರ್ ಹತ್ತಿರ ಬಂದರು.

“ಹಾಕಲಿಲ್ಲ.”

“ಇಲ್ಲ ಸರ್.”

“ಹಾಕೋದನ್ನ ನಾನು ಕಲಿಸ್ತೀನಿ. ಸೋಮವಾರ ಬರುವಾಗ ಹಾಸಿಗೆ ತಂದುಬಿಡು, ಹಾಸ್ಟೆಲ್‌ನಲ್ಲಿ ಕೊಡಲ್ಲ.”

ಈಗ ನಾನು ಎರಡನೆಯ ವರ್ಷ. ಮೊದಲ ಐವರಲ್ಲಿ ಆಡುತ್ತೇನೆ. ಕರೆಂಟಿನ ಮಾತಾಡಿದ ಹುಡುಗಿ ನನ್ನ ರೂಮ್‌ಮೇಟು. ವಿಶ್ವವಿದ್ಯಾಲಯ ತಂಡದ ಆಯ್ಕೆ ಶಿಬಿರಕ್ಕೆ ನನ್ನ ಹೆಸರು ಹೋಗಿದೆ, ಸಿಗುತ್ತದೋ ಇಲ್ಲವೋ ನೋಡಬೇಕು. ಪೇಪರಿನಲ್ಲಿ ಒಮ್ಮೆ “ನುಗ್ಗಿ ಆಡುವ ಗಾರ್ಡ್” ಎಂದು ಬರೆದಿದ್ದರು. ಅಪ್ಪ ಅದನ್ನು ಕತ್ತರಿಸಿ ಫೋನಿನ ಕವರಿನಲ್ಲಿ ಇಟ್ಟುಕೊಂಡಿದ್ದಾರೆ. ಭತ್ತದವ್ವ ನನ್ನ ಒಂದು ಪಂದ್ಯವನ್ನೂ ನೋಡಿಲ್ಲ. ಕರೆದರೆ, “ನಿಮ್ ಆಟ ನೋಡಾಕ್ ಬಂದ್ರೆ ಇಲ್ಲಿ ಕಾಗೆ ಕಾಯೋರ್ಯಾರು? ನಿಮ್ಮಪ್ಪನಾ?” ಅನ್ನುತ್ತಾರೆ.

ಈ ಸುಗ್ಗಿಯಲ್ಲಿ ನಮ್ಮ ಹಳೆಯ ಪಿ.ಟಿ. ಮೇಷ್ಟ್ರು ಫೋನು ಮಾಡಿ ಒಂದು ಸುದ್ದಿ ಹೇಳಿದರು. “ಭತ್ತದವ್ವ ಈ ವರ್ಷವೂ ರಿಂಗಿನ ಕೆಳಗೆ ಭತ್ತ ಹರಡಲಿಲ್ಲ ಕಣಮ್ಮ. ಯಾರೂ ಏನೂ ಹೇಳಿಲ್ಲ, ಅವರೇ ಬರಲಿಲ್ಲ. ಹುಡುಗೀರು ಒಳಗೆಲ್ಲ ಓಡಾಡ್ತಾವೆ.” ಒಂದು ವರ್ಷ ನನಗಾಗಿ ಬಿಟ್ಟದ್ದನ್ನು ನಾನು ಬಲ್ಲೆ. ಈ ಸಲ ಬಿಟ್ಟದ್ದು ಆ ಹುಡುಗಿಯರಿಗಾಗಿ. ಇಂಥ ಋಣವನ್ನು ತೀರಿಸುತ್ತೇನೆ ಎಂದು ಹೊರಟರೆ ಅವರು ಹಲಗೆ ತೆಗೆದುಕೊಳ್ಳುತ್ತಾರೆ.

ಹೋದ ವಾರ ಊರಿಗೆ ಹೋದಾಗ ಊಟಕ್ಕೆ ಕೂರಿಸಿಕೊಂಡರು. ಹೊಸಕ್ಕಿ ಅನ್ನ, ಅವರೆಕಾಳಿನ ಸಾರು. ಸೊಸೆಯೇ ಬಡಿಸಿದಳು. ಎರಡನೆಯ ತುತ್ತಿಗೆ ಹಲ್ಲಿನಡಿ ಕಟಕ್ ಎಂದಿತು. ಆ ಸದ್ದು ಮನೆಯವರಿಗೆಲ್ಲ ಕೇಳಿಸಿರಬೇಕು. ಸೊಸೆ ಅತ್ತೆಯ ಮುಖ ನೋಡಿ, ಆಮೇಲೆ ನನ್ನ ಕಡೆ ತಿರುಗಿ, “ಉಗ್ದ್‌ಬುಡು ಮಗ, ಕಲ್ಲು,” ಅಂದಳು, ನಾಚಿಕೊಂಡು.

“ಯಾಕ್ ಉಗೀಬೇಕು?” ಎಂದರು ಭತ್ತದವ್ವ, ತಮ್ಮ ತಟ್ಟೆಯಿಂದ ತಲೆ ಎತ್ತದೆ. “ನುಂಗಮ್ಮಿ. ಅದು ನಿಂದೇ.”

ನುಂಗಿದೆ. ತಟ್ಟೆ ಮುಂದಕ್ಕೆ ಚಾಚಿ ಇನ್ನೊಂದು ಸಲ ಅನ್ನ ಹಾಕಿಸಿಕೊಂಡೆ.